ಸಮೀಕರಣಗಳ ಆಕಾರ: ಎಂ. ಎಸ್. ನರಸಿಂಹನ್ ನಡೆದ ದಾರಿ, ಕಡಗಂಚಿಯ ಮಕ್ಕಳ ಮುಂದಿರುವ ದಾರಿ

ಕಲಬುರಗಿಯಿಂದ ಆಳಂದದ ಕಡೆ ಹೊರಟ ಬಸ್ಸು ಅರ್ಧ ದಾರಿ ದಾಟಿದ ಮೇಲೆ ಕಡಗಂಚಿ ಬರುತ್ತದೆ. ಗುರುಚರಿತ್ರೆ ಪಾರಾಯಣ ಮಾಡುವ ಮನೆಗಳಿಗೆ ಈ ಊರಿನ ಹೆಸರು ಹೊಸದಲ್ಲ. ಗಾಣಗಾಪುರದ ನರಸಿಂಹ ಸರಸ್ವತಿಯವರ ಶಿಷ್ಯ ಸಾಯಂದೇವರ ಊರು ಇದು. ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರು ಅದೇ ವಂಶದವರು. 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಕಾಯ್ದೆಯ ಬಳಿಕ ಊರಿಗೆ ಇನ್ನೊಂದು ಗುರುತು ಸೇರಿತು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ 654 ಎಕರೆಯ ಆವರಣ ಇಲ್ಲಿದೆ. ಅಲ್ಲೊಂದು ಗಣಿತ ವಿಭಾಗವಿದೆ.

ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳಲ್ಲಿ ಬಿಎಸ್ಸಿ ಓದುವ ಮಕ್ಕಳಿಗೆ ಗಣಿತದಲ್ಲಿ ಎಂಎಸ್ಸಿ ಮಾಡುವ ಆಸೆ ಇದ್ದರೆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: ‘ಮ್ಯಾಥ್ಸ್ ಓದಿ ಏನ್ ಮಾಡ್ತಿ? ಬಿ.ಎಡ್. ಮಾಡು, ಸಾಲಿ ಮಾಸ್ತರ ಆಗು.’ ಈ ಮಾತಿನಲ್ಲಿ ತಪ್ಪಿಲ್ಲ. ಒಳ್ಳೆಯ ಗಣಿತ ಮಾಸ್ತರರಿಗಿಂತ ದೊಡ್ಡ ಆಸ್ತಿ ಯಾವ ತಾಲೂಕಿಗೂ ಇಲ್ಲ. ಆದರೆ ಇನ್ನೊಂದು ದಾರಿಯೂ ಇದೆ ಎಂದು ಹೇಳುವವರು ಕಡಿಮೆ. ಹೊಸ ಗಣಿತವನ್ನೇ ಹುಟ್ಟಿಸುವ ದಾರಿ ಅದು. ಲ್ಯಾಬು ಬೇಡ, ದುಬಾರಿ ಯಂತ್ರ ಬೇಡ. ಬೋರ್ಡು, ಸೀಮೆಸುಣ್ಣ, ಒಳ್ಳೆಯ ಗ್ರಂಥಾಲಯ, ಜತೆಗೆ ಕೂತು ವಾದ ಮಾಡುವ ಒಬ್ಬಿಬ್ಬರು ಗೆಳೆಯರು ಬೇಕು. ಇಪ್ಪತ್ತನೇ ಶತಮಾನದ ಭಾರತದಲ್ಲಿ ಈ ದಾರಿ ನಡೆದು ತೋರಿಸಿದವರಲ್ಲಿ ಮೊದಲ ಸಾಲಿನವರು ಮುಡುಂಬೈ ಶೇಷಾಚಲು ನರಸಿಂಹನ್. ಹುಟ್ಟಿದ್ದು ತಮಿಳುನಾಡಿನ ಹಳ್ಳಿಯಲ್ಲಿ, ದುಡಿದದ್ದು ಮುಂಬೈಯಲ್ಲಿ. ಕೊನೆಯ ವರ್ಷಗಳನ್ನು ಕಳೆದು 2021ರ ಮೇ 15ರಂದು ತೀರಿಕೊಂಡದ್ದು ಬೆಂಗಳೂರಿನಲ್ಲಿ. ಅವರ ಕ್ಷೇತ್ರ ಬೀಜಗಣಿತೀಯ ಜ್ಯಾಮಿತಿ.

ಹೆಸರು ಕೇಳಿಯೇ ಹಿಂದೆ ಸರಿಯಬೇಕಿಲ್ಲ. ಈ ವಿದ್ಯೆಯ ಮೊದಲ ಪಾಠ ಕಲಬುರಗಿ ಜಿಲ್ಲೆಯ ಮಣ್ಣಿನಲ್ಲೇ ಇದೆ.

ಮಳಖೇಡದ ಬೀಜಗಳು

ಕಡಗಂಚಿ ಕಲಬುರಗಿಯ ಒಂದು ಮಗ್ಗುಲಾದರೆ ಇನ್ನೊಂದು ಮಗ್ಗುಲಿಗೆ, ಸೇಡಂ ತಾಲೂಕಿನ ಕಾಗಿಣಾ ದಂಡೆಯಲ್ಲಿ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಅಮೋಘವರ್ಷ ನೃಪತುಂಗನ ಆಸ್ಥಾನ ಎಂದರೆ ನಮಗೆ ಕವಿರಾಜಮಾರ್ಗ ನೆನಪಾಗುತ್ತದೆ. ಅದೇ ಅರಸನನ್ನು ಗ್ರಂಥದ ಆರಂಭದಲ್ಲೇ ಸ್ತುತಿಸಿ, ಕ್ರಿ.ಶ. 850ರ ಆಸುಪಾಸಿನಲ್ಲಿ ಗಣಿತಸಾರಸಂಗ್ರಹ ಬರೆದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಸಂಪಾದಿಸಿ ಇಂಗ್ಲಿಷಿಗೆ ತಂದರು. ಕನ್ನಡ ಅನುವಾದ ಮಾಡಿಕೊಟ್ಟವರು ಪದ್ಮಾವತಮ್ಮ.

ಆ ಗ್ರಂಥದ ಕ್ಷೇತ್ರಗಣಿತ ಭಾಗದಲ್ಲಿ ‘ಜನ್ಯ’ ಎಂಬ ಕ್ರಿಯೆ ಬರುತ್ತದೆ. ಎರಡು ಸಂಖ್ಯೆಗಳನ್ನು ಬೀಜಗಳಾಗಿ ತೆಗೆದುಕೊಳ್ಳಿ. ಅವುಗಳ ವರ್ಗಗಳ ವ್ಯತ್ಯಾಸ ಒಂದು ಭುಜ, ಅವುಗಳ ಗುಣಲಬ್ಧದ ಎರಡರಷ್ಟು ಇನ್ನೊಂದು ಭುಜ, ವರ್ಗಗಳ ಮೊತ್ತ ಕರ್ಣ. ಬೀಜಗಳು 2 ಮತ್ತು 1 ಆದರೆ 3, 4, 5 ಸಿಗುತ್ತವೆ. 3 ಮತ್ತು 2 ಆದರೆ 5, 12, 13. ಬೀಜ ಬದಲಿಸುತ್ತಾ ಹೋದಂತೆ ಭುಜ, ಕರ್ಣ ಎಲ್ಲವೂ ಪೂರ್ಣ ಸಂಖ್ಯೆಯಾಗಿರುವ ಆಯತಗಳು ಮುಗಿಯದೆ ಹುಟ್ಟುತ್ತವೆ.

ಇಂದಿನ ವಿದ್ಯಾರ್ಥಿ ಇದನ್ನೇ ಚಿತ್ರವಾಗಿ ನೋಡುತ್ತಾನೆ. ತ್ರಿಜ್ಯ 1 ಇರುವ ವೃತ್ತ ಬರೆಯಿರಿ. ಅದರ ಎಡತುದಿಯ ಬಿಂದುವಿನಿಂದ ಒಂದು ಸರಳರೇಖೆ ಎಳೆಯಿರಿ. ರೇಖೆಯ ಓಟ ಎರಡು ಬೀಜಗಳ ಅನುಪಾತ, ಅಂದರೆ ಒಂದು ಭಿನ್ನರಾಶಿ. ಆ ರೇಖೆ ವೃತ್ತವನ್ನು ಇನ್ನೊಂದು ಬಿಂದುವಿನಲ್ಲಿ ಕಡಿಯುತ್ತದೆ, ಆ ಬಿಂದುವಿನ ನಿರ್ದೇಶಾಂಕಗಳೂ ಭಿನ್ನರಾಶಿಗಳೇ. ಓಟ ½ ಆದರೆ ಸಿಗುವ ಬಿಂದು (3/5, 4/5). ಸಂಖ್ಯೆಗಳ ಪ್ರಶ್ನೆಯೊಂದಕ್ಕೆ ಆಕಾರವೊಂದು ಉತ್ತರ ಕೊಟ್ಟಿತು. ಬೀಜಗಣಿತೀಯ ಜ್ಯಾಮಿತಿಯ ತಿರುಳು ಇಷ್ಟೇ: ಸಮೀಕರಣವನ್ನು ಆಕಾರವಾಗಿ ನೋಡು, ಆಕಾರವನ್ನು ಸಮೀಕರಣವಾಗಿ ಓದು.

ಈಗ ಘಾತವನ್ನು ಏರಿಸೋಣ. ವರ್ಗದ ಬದಲು ಘನ ಹಾಕಿದರೆ ಏನಾಗುತ್ತದೆ? ಎರಡು ಧನ ಘನಗಳು ಸೇರಿ ಮೂರನೆಯ ಘನವಾಗುವುದಿಲ್ಲ. ಫರ್ಮಾ ಹೇಳಿದ ಈ ಮಾತನ್ನು ಘನಗಳ ಮಟ್ಟಿಗೆ ಆಯ್ಲರ್ ಕೈಗೆತ್ತಿಕೊಂಡರು. ಎಲ್ಲ ಘಾತಗಳಿಗೂ ಸಾಧಿಸಿದ ಆಂಡ್ರ್ಯೂ ವೈಲ್ಸ್ ಅವರ ಪ್ರಬಂಧ ಅಚ್ಚಾದದ್ದು 1995ರಲ್ಲಿ. ವೃತ್ತದಲ್ಲಿ ಅನಂತವಾಗಿದ್ದ ಭಿನ್ನರಾಶಿ ಬಿಂದುಗಳು ಇಲ್ಲಿ ಬತ್ತಿಹೋದದ್ದು ಯಾಕೆ? ಉತ್ತರ ಕಾಣಬೇಕಾದರೆ ಮಹಾವೀರಾಚಾರ್ಯ ನಿಂತ ಗೆರೆಯನ್ನು ದಾಟಬೇಕು. ಋಣ ಸಂಖ್ಯೆ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದು ಆತ ಸ್ಪಷ್ಟವಾಗಿ ಹೇಳಿದ್ದ. ತನ್ನ ಸಂಖ್ಯಾಲೋಕದೊಳಗೆ ಆತ ಹೇಳಿದ್ದು ಪೂರಾ ಸರಿ. ಮುಂದೆ ಐರೋಪ್ಯರು −1ಕ್ಕೂ ವರ್ಗಮೂಲ ಇದೆ ಎಂದು ಒಪ್ಪಿಕೊಂಡು ಸಂಮಿಶ್ರ ಸಂಖ್ಯೆಗಳನ್ನು ಕಟ್ಟಿದರು. ಆ ಸಂಖ್ಯೆಗಳನ್ನೂ ಸೇರಿಸಿಕೊಂಡು ಸಮೀಕರಣದ ಪರಿಹಾರಗಳನ್ನೆಲ್ಲ ಒಟ್ಟಿಗೆ ನೋಡಿದರೆ ರೇಖೆಯ ಜಾಗದಲ್ಲಿ ಒಂದು ಮೈ ಕಾಣುತ್ತದೆ. 1850ರ ದಶಕದಲ್ಲಿ ಜರ್ಮನಿಯ ರೀಮಾನ್ ತೋರಿಸಿದ ಮೈ ಇದು, ಅವರ ಹೆಸರಿನಲ್ಲೇ ರೀಮಾನ್ ಮೇಲ್ಮೈ ಎಂದು ಕರೆಸಿಕೊಳ್ಳುತ್ತದೆ. ವೃತ್ತದ ಸಮೀಕರಣ ಕೊಡುವುದು ತೂತಿಲ್ಲದ ಗೋಳ. ಘನ ಸಮೀಕರಣ ಕೊಡುವುದು ಒಂದು ತೂತಿನ ಮೈ. ಘಾತ ಏರಿದಂತೆ ತೂತುಗಳೂ ಏರುತ್ತವೆ. ಎರಡು ಅಥವಾ ಹೆಚ್ಚು ತೂತುಗಳಿದ್ದರೆ ಭಿನ್ನರಾಶಿ ಬಿಂದುಗಳು ಲೆಕ್ಕಕ್ಕೆ ಸಿಗುವಷ್ಟೇ ಇರುತ್ತವೆ ಎಂದು ಗೆರ್ಡ್ ಫಾಲ್ಟಿಂಗ್ಸ್ 1983ರಲ್ಲಿ ಸಾಧಿಸಿದರು. ಕಣ್ಣಿಗೆ ಕಾಣುವ ಸಂಖ್ಯೆಗಳ ಭವಿಷ್ಯವನ್ನು ಕಣ್ಣಿಗೆ ಕಾಣದ ಮೈಯ ತೂತುಗಳು ನಿರ್ಧರಿಸುತ್ತವೆ! ಗಣಿತದಲ್ಲಿ ಇದಕ್ಕಿಂತ ಬೆರಗಿನ ಸಂಗತಿಗಳು ಹೆಚ್ಚಿಲ್ಲ ಎಂದೇ ನನ್ನ ಭಾವನೆ.

ನರಸಿಂಹನ್ ತಮ್ಮ ಆಯುಷ್ಯದ ಬಹುಪಾಲನ್ನು ಕೊಟ್ಟದ್ದು ಈ ತೂತುಗಳುಳ್ಳ ಮೈಗಳಿಗೆ.

ಒಬ್ಬ ಪಾದ್ರಿ, ಇಬ್ಬರು ಹುಡುಗರು

ಅವರು ಹುಟ್ಟಿದ್ದು 1932ರ ಜೂನ್ 7ರಂದು, ಅಂದಿನ ಉತ್ತರ ಆರ್ಕಾಟ್ ಜಿಲ್ಲೆಯ ತಂಡರೈ ಎಂಬಲ್ಲಿ. ಹಳ್ಳಿಯ ಕುಟುಂಬ, ಐವರು ಮಕ್ಕಳಲ್ಲಿ ಹಿರಿಯರು. ಕಾಲೇಜಿಗೆ ಮದರಾಸಿನ ಲೊಯೋಲಾ ಸೇರಿದರು. ಅಲ್ಲಿ ಗಣಿತ ಕಲಿಸುತ್ತಿದ್ದವರು ಫಾದರ್ ಷಾರ್ಲ್ ರಸೀನ್ ಎಂಬ ಫ್ರೆಂಚ್ ಜೆಸ್ಯೂಟ್ ಪಾದ್ರಿ. ಆ ಕಾಲದಲ್ಲಿ ನಮ್ಮ ಬಹುತೇಕ ವಿಶ್ವವಿದ್ಯಾಲಯಗಳ ಗಣಿತ ಕೇಂಬ್ರಿಜ್‌ನ ಹಳೆಯ ಪರೀಕ್ಷಾ ಪದ್ಧತಿಗೆ ಜೋತುಬಿದ್ದಿತ್ತು. ರಸೀನ್ ಹೊಸ ಫ್ರೆಂಚ್ ಗಣಿತವನ್ನು ಬಲ್ಲವರು. ಪರೀಕ್ಷೆಗೆ ಬಾರದ ಪುಸ್ತಕಗಳತ್ತ ಹುಡುಗರ ಗಮನ ಸೆಳೆದರು, ಗುಣವಿದ್ದವರನ್ನು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಾರಿಗೆ ಹಚ್ಚಿದರು. ಅವರ ಪಾಠ ಕೇಳಿದ ಇನ್ನೊಬ್ಬ ಹುಡುಗ ಸಿ. ಎಸ್. ಶೇಷಾದ್ರಿ. ಅವರೂ 1932ರಲ್ಲೇ, ಫೆಬ್ರವರಿ 29ರಂದು ಹುಟ್ಟಿದವರು. ಇಬ್ಬರೂ 1953ರಲ್ಲಿ ಟಾಟಾ ಸಂಸ್ಥೆ ಸೇರಿದರು.

ಆ ಸಂಸ್ಥೆ ಕೆಲಸ ಶುರುಮಾಡಿದ್ದು ಕರ್ನಾಟಕದಲ್ಲಿ ಎಂಬುದು ಹಲವರಿಗೆ ಮರೆತುಹೋಗಿದೆ. 1945ರ ಜೂನ್ 1ರಂದು ಹೋಮಿ ಭಾಭಾ ಅದನ್ನು ಆರಂಭಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ. ಅದೇ ವರ್ಷ ಅದು ಮುಂಬೈಗೆ ಹೋಯಿತು. ಅಲ್ಲಿನ ಗಣಿತ ವಿಭಾಗವನ್ನು ಕಟ್ಟಿದವರು ಕೆ. ಚಂದ್ರಶೇಖರನ್. ಅವರ ಪದ್ಧತಿ ಸರಳವಾಗಿತ್ತು, ಕಟ್ಟುನಿಟ್ಟಾಗಿತ್ತು. ಜಗತ್ತಿನ ದೊಡ್ಡ ಗಣಿತಜ್ಞರನ್ನು ಕರೆಸಬೇಕು, ಅವರು ಕೆಲವು ವಾರ ಪಾಠ ಮಾಡಬೇಕು, ಎಳೆಯ ಸಂಶೋಧಕನೊಬ್ಬ ಆ ಪಾಠದ ಟಿಪ್ಪಣಿಯನ್ನು ಪುಸ್ತಕವಾಗುವಷ್ಟು ಚೊಕ್ಕಟವಾಗಿ ಬರೆಯಬೇಕು. ಟಿಪ್ಪಣಿ ಬರೆಯುವುದೆಂದರೆ ಬರೀ ನಕಲಲ್ಲ. ಬೋರ್ಡಿನ ಮೇಲೆ ಗುರು ಹಾರಿಸಿಬಿಟ್ಟ ಹೆಜ್ಜೆಗಳನ್ನು ಬರೆಯುವವನೇ ತುಂಬಬೇಕು. ಫ್ರಾನ್ಸಿನ ಲೊರಾಂ ಶ್ವಾರ್ಟ್ಸ್ ಬಂದು ಮಾಡಿದ ಉಪನ್ಯಾಸಗಳ ಟಿಪ್ಪಣಿಯನ್ನು 1955ರಲ್ಲಿ ಬರೆದವರು ಇಪ್ಪತ್ಮೂರರ ನರಸಿಂಹನ್. ಶ್ವಾರ್ಟ್ಸ್ ಆಗಲೇ ಫೀಲ್ಡ್ಸ್ ಪದಕ ಪಡೆದಿದ್ದವರು.

ಆ ಪರಿಚಯದಿಂದ ಪ್ಯಾರಿಸ್‌ನ ಬಾಗಿಲು ತೆರೆಯಿತು. 1957ರಲ್ಲಿ ನರಸಿಂಹನ್ ಮತ್ತು ಶೇಷಾದ್ರಿ ಇಬ್ಬರೂ ಅಲ್ಲಿದ್ದರು. ಆ ಹೊತ್ತಿನ ಪ್ಯಾರಿಸ್‌ನಲ್ಲಿ ಸೆರ್, ಗ್ರೋತೆಂಡೀಕ್, ಶೆವಾಲೆಯಂಥವರು ಬೀಜಗಣಿತೀಯ ಜ್ಯಾಮಿತಿಯನ್ನು ಬುಡದಿಂದ ಮತ್ತೆ ಕಟ್ಟುತ್ತಿದ್ದರು. ನರಸಿಂಹನ್ ಅಲ್ಲಿ ಪ್ಲೂರಿಸಿ ಹಿಡಿದು ಆಸ್ಪತ್ರೆ ಸೇರಬೇಕಾಯಿತು. ಪಕ್ಕದ ಹಾಸಿಗೆಗಳ ದುಡಿಯುವ ಜನರ ಒಡನಾಟದಲ್ಲಿ ನಿಜವಾದ ಫ್ರಾನ್ಸ್ ಕಂಡಿತೆಂದು ಆಮೇಲೆ ನೆನೆಯುತ್ತಿದ್ದರು. ಆ ದಿನಗಳಲ್ಲೇ ಜಪಾನಿನ ತಾಕೇಶಿ ಕೊತಾಕೆ ಜತೆ ಸೇರಿ ಸಾಧಿಸಿದ ಪ್ರಮೇಯ ಇಂದಿಗೂ ಇಬ್ಬರ ಹೆಸರಿನಲ್ಲಿದೆ. 1960ರಲ್ಲಿ ಇಬ್ಬರೂ ಗೆಳೆಯರು ಮುಂಬೈಗೆ ಮರಳಿದರು. ಅಮೆರಿಕದಲ್ಲೋ ಫ್ರಾನ್ಸಿನಲ್ಲೋ ಉಳಿಯಬಹುದಾಗಿದ್ದವರು ಮರಳಿದರು ಎಂಬುದನ್ನು ಒತ್ತಿ ಹೇಳಬೇಕು, ಯಾಕೆಂದರೆ ಅವರ ಅತಿದೊಡ್ಡ ಕೆಲಸ ಹುಟ್ಟಿದ್ದು ಇಲ್ಲಿ.

1965ರ ಪ್ರಬಂಧ

ಕಾಗದದ ಉದ್ದ ಪಟ್ಟಿಯೊಂದರ ಎರಡು ತುದಿಗಳನ್ನು ನೇರವಾಗಿ ಅಂಟಿಸಿದರೆ ಬಳೆಯಾಗುತ್ತದೆ. ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ ಅಂಟಿಸಿದರೆ ಮೋಬಿಯಸ್ ಪಟ್ಟಿ. ಎರಡರಲ್ಲೂ ನಡುವೆ ಓಡುವುದು ಒಂದು ವರ್ತುಲ, ಅದರ ಪ್ರತಿ ಬಿಂದುವಿಗೂ ಒಂದು ಪುಟ್ಟ ರೇಖೆ ಅಂಟಿಕೊಂಡಿದೆ. ಬಿಡಿಯಾಗಿ ನೋಡಿದರೆ ವ್ಯತ್ಯಾಸವಿಲ್ಲ, ಸುತ್ತು ಪೂರ್ತಿಯಾದಾಗ ಮಾತ್ರ ತಿರುಚು ಗೊತ್ತಾಗುತ್ತದೆ. ಈಗ ವರ್ತುಲದ ಜಾಗದಲ್ಲಿ ತೂತುಗಳುಳ್ಳ ರೀಮಾನ್ ಮೇಲ್ಮೈಯನ್ನು, ರೇಖೆಯ ಜಾಗದಲ್ಲಿ ಎರಡು, ಮೂರು ಅಥವಾ ಹೆಚ್ಚು ಆಯಾಮದ ಅವಕಾಶಗಳನ್ನು ಇಟ್ಟು ನೋಡಿ. ಗಣಿತಜ್ಞರು ವೆಕ್ಟರ್ ಬಂಡಲ್ ಎನ್ನುವುದು ಇದನ್ನೇ. ಒಂದು ಮೈಯ ಮೇಲೆ ಇಂಥ ಎಷ್ಟು ಬಗೆಯ ಬಂಡಲ್‌ಗಳು ಸಾಧ್ಯ? ಅವನ್ನೆಲ್ಲ ಒಂದೆಡೆ ಇಟ್ಟರೆ ಅವುಗಳ ಸಮೂಹಕ್ಕೇ ಒಂದು ಆಕಾರ ಬರುತ್ತದೆಯೇ?

ಒಂದೊಂದು ಬಿಂದುವೂ ಒಂದೊಂದು ವಸ್ತುವನ್ನು ಸೂಚಿಸುವ ಇಂಥ ಅವಕಾಶಕ್ಕೆ ಮಾಡುಲೈ ಅವಕಾಶ ಎಂದು ಹೆಸರು. ಇಲ್ಲೊಂದು ತೊಡಕಿತ್ತು. ಎಲ್ಲ ಬಂಡಲ್‌ಗಳನ್ನೂ ಸೇರಿಸಿಕೊಂಡರೆ ಸಮೂಹ ಅಡ್ಡಾದಿಡ್ಡಿಯಾಗುತ್ತದೆ, ಚೊಕ್ಕ ಆಕಾರವೇ ಬರುವುದಿಲ್ಲ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಮಾನದಂಡವನ್ನು ಅಮೆರಿಕದ ಡೇವಿಡ್ ಮಮ್‌ಫರ್ಡ್ 1962ರಲ್ಲಿ ಕೊಟ್ಟರು. ಹೇರಿದ ಭಾರವೆಲ್ಲ ಒಂದೇ ಕಡೆ ಬಿದ್ದರೆ ಬಂಡಿ ಮೂಕಿ ಎತ್ತುತ್ತದೆ. ಹಾಗೆಯೇ ಬಂಡಲ್‌ನ ಒಳಗಿನ ಪ್ರತಿ ತುಂಡಿನ ‘ಭಾರ’ವೂ ಇಡಿಯ ಸರಾಸರಿಗಿಂತ ಕಡಿಮೆ ಇರಬೇಕು. ಹಾಗಿದ್ದರೆ ಅದು ಸ್ಥಿರ ಬಂಡಲ್.

ಇದಕ್ಕೂ ಮೊದಲೇ, 1938ರಲ್ಲಿ, ಆಂಡ್ರೆ ವೇಯ್ಲ್ ಬರೆದ ಪ್ರಬಂಧವೊಂದು ಬೇರೆ ದಿಕ್ಕಿನಿಂದ ಬಂದಿತ್ತು. ಎರಡು ತೂತಿನ ಮೈಯಲ್ಲಿ ನಾಲ್ಕು ಮೂಲ ಸುತ್ತುಗಳಿವೆ, ಮೂರು ತೂತಿಗೆ ಆರು. ಪ್ರತಿ ಸುತ್ತಿಗೂ ಒಂದು ಮ್ಯಾಟ್ರಿಕ್ಸ್ ಕೊಡಿ: ಆ ಸುತ್ತು ಸುತ್ತಿ ಬಂದಾಗ ಎಷ್ಟು ತಿರುಗಿದೆವು ಎಂಬ ಲೆಕ್ಕ ಅದು. ಮ್ಯಾಟ್ರಿಕ್ಸ್‌ಗಳು ಒಂದು ನಿಯಮಕ್ಕೆ ಒಳಪಟ್ಟರೆ ಅವುಗಳಿಂದ ಬಂಡಲ್ ಒಂದನ್ನು ಕಟ್ಟಬಹುದು. ಉದ್ದ ಅಳತೆ ಕೆಡಿಸದೆ ಬರೀ ತಿರುಗಿಸುವ ಮ್ಯಾಟ್ರಿಕ್ಸ್‌ಗಳಿಗೆ ಯೂನಿಟರಿ ಎನ್ನುತ್ತಾರೆ. ಅವುಗಳಿಂದ ಹುಟ್ಟುವ ಬಂಡಲ್‌ಗಳು ಯಾವುವು ಎಂಬುದು ಉಳಿದ ಪ್ರಶ್ನೆ.

ಮುಂಬೈಯ ಇಬ್ಬರು ಗೆಳೆಯರು ಈ ಎರಡು ದಿಕ್ಕುಗಳನ್ನು ಒಂದೇ ಬೋರ್ಡಿನ ಮೇಲೆ ಬರೆದರು. ಕೊಡೈರಾ ಮತ್ತು ಸ್ಪೆನ್ಸರ್ ಕಟ್ಟಿದ ವಿರೂಪ ಸಿದ್ಧಾಂತವನ್ನು ಬಳಸಿಕೊಂಡು ಅವರು ಸಾಧಿಸಿದ್ದು ಇದು: ಯೂನಿಟರಿ ಮ್ಯಾಟ್ರಿಕ್ಸ್‌ಗಳಿಂದ, ಇನ್ನು ಒಡೆಯಲಾಗದ ರೀತಿಯಲ್ಲಿ ಹುಟ್ಟುವ ಬಂಡಲ್‌ಗಳೇ ಮಮ್‌ಫರ್ಡ್ ಹೇಳಿದ ಸ್ಥಿರ ಬಂಡಲ್‌ಗಳು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಒಂದು ಕಡೆ ಬೀಜಗಣಿತದ ಶುದ್ಧ ಮಾನದಂಡ, ಇನ್ನೊಂದು ಕಡೆ ಸುತ್ತಿ ಬಂದು ಅಳೆಯುವ ಜ್ಯಾಮಿತಿ. ಎರಡೂ ಒಂದೇ ಪಟ್ಟಿಯನ್ನು ಕೊಡುತ್ತವೆ. 1965ರಲ್ಲಿ ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಗಣಿತ ಲೋಕ ಇದನ್ನು ನರಸಿಂಹನ್–ಶೇಷಾದ್ರಿ ಪ್ರಮೇಯ ಎನ್ನುತ್ತದೆ.

ಈ ಪ್ರಮೇಯದ ಮುಂದಿನ ಕಥೆ ಅದರ ಹುಟ್ಟಿಗಿಂತ ದೊಡ್ಡದು. ಭೌತವಿಜ್ಞಾನಿಗಳು ಮೂಲಕಣಗಳ ಬಲಗಳಿಗಾಗಿ ಕಟ್ಟಿದ ಯಾಂಗ್–ಮಿಲ್ಸ್ ಸಮೀಕರಣಗಳಿಗೂ ಇದಕ್ಕೂ ನಂಟಿದೆ ಎಂದು ಅತಿಯಾ ಮತ್ತು ಬಾಟ್ 1983ರಲ್ಲಿ ವಿಸ್ತಾರವಾಗಿ ತೋರಿಸಿದರು. ಅದೇ ವರ್ಷ ಇಪ್ಪತ್ತರ ಹರೆಯದ ಸೈಮನ್ ಡೊನಾಲ್ಡ್‌ಸನ್ ಈ ಪ್ರಮೇಯಕ್ಕೆ ಆ ದಿಕ್ಕಿನಿಂದಲೇ ಹೊಸ ಸಾಧನೆ ಕೊಟ್ಟರು. ಮುಂದೆ ಅದೇ ವಿಚಾರ ಹೆಚ್ಚಿನ ಆಯಾಮಗಳಿಗೆ ಬೆಳೆಯಿತು. ಡೊನಾಲ್ಡ್‌ಸನ್‌ಗೆ 1986ರಲ್ಲಿ ಫೀಲ್ಡ್ಸ್ ಪದಕ ಬಂತು. 2006ರ ಕಿಂಗ್ ಫೈಸಲ್ ಪ್ರಶಸ್ತಿಯನ್ನು ಅವರೂ ನರಸಿಂಹನ್ ಅವರೂ ಹಂಚಿಕೊಂಡರು. ಕೊಲಾಬಾದ ಕಡಲ ತಡಿಯಲ್ಲಿ ಎರಡು ದಶಕ ಮೊದಲು ಶುದ್ಧ ಕುತೂಹಲಕ್ಕಾಗಿ ಮಾಡಿದ ಗಣಿತ ಭೌತವಿಜ್ಞಾನದ ಒಳಮನೆಗೆ ಹೋಗಿ ಕೂತಿತ್ತು.

ಒಂದು ಸಾಧನೆಯ ನಂತರ ದಣಿದು ಕೂತವರಲ್ಲ ನರಸಿಂಹನ್. ಶಿಷ್ಯ ಎಸ್. ರಮಣನ್ ಜತೆ 1969ರಲ್ಲಿ ಬರೆದ ಪ್ರಬಂಧದಲ್ಲಿ, ಎರಡು ತೂತಿನ ಮೈಯ ಮೇಲಿನ ಒಂದು ಬಗೆಯ ಬಂಡಲ್‌ಗಳ ಮಾಡುಲೈ ಅವಕಾಶ ಮೂರು ಆಯಾಮದ ಸಾಮಾನ್ಯ ಪ್ರಕ್ಷೇಪೀಯ ಅವಕಾಶವೇ ಎಂದು ತೋರಿಸಿದರು. ಅಷ್ಟು ಜಟಿಲವಾದ ವ್ಯಾಖ್ಯೆಯಿಂದ ಹೊರಟು ಅಷ್ಟು ಸರಳ ಆಕಾರಕ್ಕೆ ಬಂದು ನಿಲ್ಲುವ ಆ ಫಲಿತಾಂಶ ಓದಿದವರಿಗೆ ಈಗಲೂ ಖುಷಿ ಕೊಡುತ್ತದೆ. ಜರ್ಮನಿಯ ಗುಂಟರ್ ಹಾರ್ಡರ್ ಜತೆ 1975ರಲ್ಲಿ ಬರೆದದ್ದು ಇನ್ನೂ ಧೈರ್ಯದ ಕೆಲಸ. ಮಾಡುಲೈ ಅವಕಾಶದ ಆಕಾರವನ್ನು ಅಳೆಯಲು ಅವರು ಸಂಮಿಶ್ರ ಸಂಖ್ಯೆಗಳನ್ನು ಬಿಟ್ಟು, ಲೆಕ್ಕಕ್ಕೆ ಸಿಗುವಷ್ಟೇ ಸಂಖ್ಯೆಗಳಿರುವ ಕಿರಿಯ ಲೋಕಗಳಿಗೆ ಇಳಿದರು. ಅಲ್ಲಿ ಬಿಂದುಗಳನ್ನು ಎಣಿಸಿದರು. ಪಿಯರ್ ದೆಲೀನ್ ಆಗಷ್ಟೇ ಸಾಧಿಸಿದ್ದ ವೇಯ್ಲ್ ಊಹೆಗಳ ಬಲದಿಂದ ಆ ಎಣಿಕೆಯನ್ನು ಆಕಾರದ ಮಾಹಿತಿಯಾಗಿ ಬದಲಿಸಿದರು. ಸ್ಥಿರವಲ್ಲದ ಬಂಡಲ್‌ಗಳನ್ನು ಕ್ರಮವಾಗಿ ಬಿಡಿಸಿ ಇಡುವ ಅವರ ವಿಧಾನ, ಹಾರ್ಡರ್–ನರಸಿಂಹನ್ ಸೋಪಾನ, ಇಂದು ಈ ಕ್ಷೇತ್ರದ ಪ್ರತಿ ವಿದ್ಯಾರ್ಥಿಯೂ ಕಲಿಯುವ ಪಾಠ. ಸಂಖ್ಯೆ ಎಣಿಸಿ ಆಕಾರ ತಿಳಿಯುವುದು, ಆಕಾರ ನೋಡಿ ಸಂಖ್ಯೆ ತಿಳಿಯುವುದು: ಮಳಖೇಡದ ಜನ್ಯದಲ್ಲಿ ಕಂಡ ಸೇತುವೆಯ ಮೇಲೆ ಈಗ ಎರಡೂ ಕಡೆಯಿಂದ ಓಡಾಟ ನಡೆದಿತ್ತು.

ಐವತ್ತು ದಾಟಿದ ಮೇಲೂ ಅವರ ಬರವಣಿಗೆ ನಿಲ್ಲಲಿಲ್ಲ. ಬೋವಿಲ್ ಮತ್ತು ರಮಣನ್ ಜತೆ 1989ರಲ್ಲಿ, ರಾಮದಾಸ್ ಜತೆ 1993ರಲ್ಲಿ, ಶ್ರವಣ ಕುಮಾರ್ ಮತ್ತು ಎ. ರಾಮನಾಥನ್ ಜತೆ 1994ರಲ್ಲಿ ಬಂದ ಪ್ರಬಂಧಗಳು ಭೌತವಿಜ್ಞಾನಿಗಳು ಊಹಿಸಿದ್ದ ಸೂತ್ರಗಳನ್ನು ಗಣಿತದ ನೆಲದ ಮೇಲೆ ನಿಲ್ಲಿಸಿದವು. 1975ರಲ್ಲಿ ಭಟ್ನಾಗರ್ ಪ್ರಶಸ್ತಿ, 1990ರಲ್ಲಿ ಪದ್ಮಭೂಷಣ, 1996ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಶಿಪ್ ಬಂದವು. 1990ರ ದಶಕದಲ್ಲಿ ಇಟಲಿಯ ಟ್ರಿಯೆಸ್ತೆಯಲ್ಲಿ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದ ಗಣಿತ ವಿಭಾಗವನ್ನು ನಡೆಸಿ, ಬಡ ದೇಶಗಳ ಎಳೆಯ ಗಣಿತಜ್ಞರಿಗೆ ದಾರಿ ಮಾಡಿಕೊಟ್ಟರು. ಆಮೇಲೆ ಬೆಂಗಳೂರು. ಪತ್ನಿ ಶಕುಂತಲಾ ನರಸಿಂಹನ್ ಶಾಸ್ತ್ರೀಯ ಸಂಗೀತಗಾರ್ತಿ, ಪತ್ರಕರ್ತೆ. ಮಗಳು ಶೋಭನಾ ನರಸಿಂಹನ್ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಭೌತವಿಜ್ಞಾನಿ.

ಪ್ರಶಸ್ತಿಗಳ ಪಟ್ಟಿಗಿಂತ ಶಿಷ್ಯರ ಪಟ್ಟಿ ನನಗೆ ದೊಡ್ಡದಾಗಿ ಕಾಣುತ್ತದೆ: ಎಂ. ಎಸ್. ರಘುನಾಥನ್, ಎಸ್. ರಮಣನ್, ವಿಜಯಕುಮಾರ್ ಪಾಟೋಡಿ. ಮೂವತ್ತೊಂದನೇ ವಯಸ್ಸಿಗೆ ತೀರಿಕೊಂಡ ಪಾಟೋಡಿ ಹೆಸರು ಅತಿಯಾ ಮತ್ತು ಸಿಂಗರ್ ಹೆಸರುಗಳ ನಡುವೆ ಒಂದು ಪ್ರಮೇಯದಲ್ಲಿ ಶಾಶ್ವತವಾಗಿ ಉಳಿದಿದೆ.

ಬೆಂಗಳೂರಿನಲ್ಲಿ ಮುಗಿದ ಇನ್ನೊಂದು ಬದುಕು

ಈ ಬಳಗದ ಕಥೆ ಹೇಳುವಾಗ ಸಿ. ಪಿ. ರಾಮಾನುಜಂ ಅವರನ್ನು ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಶ್ರೀನಿವಾಸ ರಾಮಾನುಜನ್ ಬೇರೆ, ಇವರು ಬೇರೆ. 1938ರಲ್ಲಿ ಮದರಾಸಿನಲ್ಲಿ ಹುಟ್ಟಿದ ಇವರೂ ಫಾದರ್ ರಸೀನ್ ಶಿಷ್ಯರೇ. ಟಾಟಾ ಸಂಸ್ಥೆಗೆ ರಷ್ಯದ ಶಫರೆವಿಚ್ ಬಂದಾಗ ಅವರ ಉಪನ್ಯಾಸಗಳ ಟಿಪ್ಪಣಿ ಬರೆದವರು ಇವರು. ಮಮ್‌ಫರ್ಡ್ ಮುಂಬೈಯಲ್ಲಿ ಮಾಡಿದ ಪಾಠಗಳಿಂದ ಬೆಳೆದು 1970ರಲ್ಲಿ ಹೊರಬಂದ ಅಬೇಲಿಯನ್ ವೆರೈಟಿಗಳ ಪುಸ್ತಕದ ಹಿಂದೆಯೂ ಇವರ ದುಡಿಮೆಯಿದೆ. ಒಂದು ಆಕಾರ ಸಾಮಾನ್ಯ ಸಮತಲವೇ ಹೌದೆಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆಗೆ 1971ರಲ್ಲಿ ಅವರು ಬರೆದ ಪ್ರಬಂಧ ಆ ವಿಷಯದ ಅಡಿಗಲ್ಲು. ದೀರ್ಘಕಾಲ ಮಾನಸಿಕ ಕಾಯಿಲೆಯಿಂದ ನರಳಿದರು. ಟಾಟಾ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1974ರ ಅಕ್ಟೋಬರ್ 27ರಂದು, ಮೂವತ್ತಾರನೇ ವಯಸ್ಸಿಗೆ ತೀರಿಕೊಂಡರು. ಇಟಲಿಯ ಜಿನೋವಾ ವಿಶ್ವವಿದ್ಯಾಲಯದ ಗಣಿತ ಸಂಸ್ಥೆ ತನ್ನ ಸಭಾಂಗಣವೊಂದಕ್ಕೆ ಅವರ ಹೆಸರಿಟ್ಟಿತು. ಅವರು ಉಸಿರು ಬಿಟ್ಟ ನಮ್ಮ ರಾಜ್ಯದಲ್ಲಿ ಎಷ್ಟು ಗಣಿತ ವಿದ್ಯಾರ್ಥಿಗಳಿಗೆ ಈ ಹೆಸರು ಗೊತ್ತು? ಸಂಶೋಧನೆಯ ಒತ್ತಡದಲ್ಲಿ ಮನಸ್ಸು ಕುಸಿದವರಿಗೆ ಆಸರೆ ಕೊಡುವುದೂ ವಿಶ್ವವಿದ್ಯಾಲಯದ ಕೆಲಸ ಎಂಬುದನ್ನು ಅವರ ಬದುಕು ಓದಿದವರು ಮರೆಯಲಾರರು.

ಕರ್ನಾಟಕದಲ್ಲೇ ಓದಿ ಈ ದಾರಿ ಹಿಡಿದವರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ನೇರ ಷಿಕಾಗೋಗೆ ಹೋದ ವಾಸುದೇವನ್ ಶ್ರೀನಿವಾಸ್ ಅವರ ಉದಾಹರಣೆಯೂ ಇದೆ. 1982ರಲ್ಲಿ ಸ್ಪೆನ್ಸರ್ ಬ್ಲಾಕ್ ಬಳಿ ಡಾಕ್ಟರೇಟ್ ಪಡೆದು ಮುಂಬೈಗೆ ಮರಳಿ, ಬೀಜಗಣಿತೀಯ ಜ್ಯಾಮಿತಿಯಲ್ಲಿ ದುಡಿದು 2003ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. ನಮ್ಮ ರಾಜ್ಯದ ಸಾಧಾರಣ ಬಿಎಸ್ಸಿ ಪದವಿಯಿಂದ ಹೊರಟು ಈ ಎತ್ತರಕ್ಕೆ ಹೋಗಬಹುದು ಎನ್ನಲು ಬೇರೆ ಪುರಾವೆ ಬೇಡ.

ಕಡಗಂಚಿಗೆ ಏನು ಬೇಕು

ನರಸಿಂಹನ್ ಬದುಕನ್ನು ಪ್ರತಿಭೆಯ ಕಥೆಯಾಗಿ ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ಪ್ರತಿಭೆ ಇತ್ತು, ಒಪ್ಪೋಣ. ಆದರೆ 1953ರಲ್ಲಿ ಸಂಸ್ಥೆ ಸೇರಿದ ಹುಡುಗನಿಗೆ 1965ರ ಪ್ರಬಂಧದವರೆಗೆ ಹನ್ನೆರಡು ವರ್ಷ ಸಿಕ್ಕಿತು. ಸಂಬಳದ ಚಿಂತೆಯಿಲ್ಲದೆ ಓದುವ, ತಪ್ಪುವ, ಮತ್ತೆ ಹೊರಡುವ ಹನ್ನೆರಡು ವರ್ಷ. ಪಿಎಚ್‌ಡಿ 1960ರಲ್ಲಿ ಬಂತು. ಅಷ್ಟರವರೆಗೆ ಎಷ್ಟು ಪ್ರಬಂಧ ಅಚ್ಚು ಹಾಕಿಸಿದೆ ಎಂದು ಅಂಕಪಟ್ಟಿ ಹಿಡಿದು ಕೇಳಿದವರಿಲ್ಲ. ಜತೆಗೆ ಸಮವಯಸ್ಕ ಗೆಳೆಯನೊಬ್ಬನಿದ್ದ. ವರ್ಷವಿಡೀ ನಡೆಯುವ ಸೆಮಿನಾರುಗಳಿದ್ದವು. 1968ರಲ್ಲಿ ಅದೇ ಸಂಸ್ಥೆಯಲ್ಲಿ ನಡೆದ ಬೀಜಗಣಿತೀಯ ಜ್ಯಾಮಿತಿ ಸಮ್ಮೇಳನದ ಸಂಪುಟದಲ್ಲಿ ಗ್ರೋತೆಂಡೀಕ್ ತಮ್ಮ ಪ್ರಸಿದ್ಧ ಊಹೆಗಳನ್ನು ಅಚ್ಚು ಮಾಡಿಸಿದರು ಎಂದರೆ ಜಗತ್ತು ಮುಂಬೈಯನ್ನು ಹೇಗೆ ಕಾಣುತ್ತಿತ್ತು ಎಂಬುದು ತಿಳಿಯುತ್ತದೆ. ನರಸಿಂಹನ್ ಸಂಸ್ಥೆ ಸೇರಿ ಹದಿನೈದೇ ವರ್ಷಗಳಲ್ಲಿ ಬಂದ ಗೌರವ ಅದು.

ಕಡಗಂಚಿಯ ವಿಶ್ವವಿದ್ಯಾಲಯ ಹದಿನೈದು ವರ್ಷ ದಾಟಿದೆ. ಎರಡಕ್ಕೂ ಹೋಲಿಕೆ ಮಾಡಿ ಕಡಗಂಚಿಯನ್ನು ಹಳಿಯುವುದು ನ್ಯಾಯವಲ್ಲ. ಒಂದು ಸಂಶೋಧನೆಗೆಂದೇ ಕಟ್ಟಿದ ಸಂಸ್ಥೆ, ಇನ್ನೊಂದು ಹಿಂದುಳಿದ ನಾಡಿಗೆ ಉನ್ನತ ಶಿಕ್ಷಣ ತಲುಪಿಸುವ ದೊಡ್ಡ ಹೊಣೆ ಹೊತ್ತದ್ದು. ಆದರೂ ಮುಂಬೈಯ ಆ ಪದ್ಧತಿಯಲ್ಲಿ ಇಲ್ಲಿಗೆ ತರಲಾಗದ್ದು ಏನಿದೆ? ವಾರಕ್ಕೊಂದು ಸೆಮಿನಾರ್ ತಪ್ಪದೆ ನಡೆಸಲು ಅನುದಾನ ಬೇಡ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಭಾರತೀಯ ಸಾಂಖ್ಯಿಕ ಸಂಸ್ಥೆ, ಟಾಟಾ ಸಂಸ್ಥೆಯ ಕೇಂದ್ರಗಳಿವೆ. ಅಲ್ಲಿನ ಒಬ್ಬೊಬ್ಬ ಗಣಿತಜ್ಞರನ್ನು ಎರಡು ವಾರ ಕಡಗಂಚಿಗೆ ಕರೆಸಿ, ಎಂಎಸ್ಸಿ ಮಕ್ಕಳಿಂದಲೇ ಪಾಠದ ಟಿಪ್ಪಣಿ ಬರೆಸಬಹುದು. ಆ ಟಿಪ್ಪಣಿ ಕನ್ನಡದಲ್ಲೂ ಬರಲಿ ಎಂಬುದು ನನ್ನ ಒತ್ತಾಯ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲೇ ಬರೆದ ಮೇಲೆ ಈ ಭಾಷೆಗೆ ಗಣಿತ ಹೊರುವ ಶಕ್ತಿಯಿಲ್ಲ ಎನ್ನುವ ಮಾತಿಗೆ ಅರ್ಥವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ವೆಕ್ಟರ್ ಬಂಡಲ್ ಎಂದರೇನೆಂದು ಮೊದಲು ತನ್ನ ಮಾತಿನಲ್ಲಿ ತಿಳಿದುಕೊಂಡರೆ ಇಂಗ್ಲಿಷ್ ಪುಸ್ತಕ ಅವಳನ್ನು ಹೆದರಿಸುವುದಿಲ್ಲ.

ಇದಕ್ಕಿಂತ ಮೊದಲಿನ ಕೆಲಸ ಪದವಿ ಕಾಲೇಜುಗಳದ್ದು. ಲೊಯೋಲಾದ ಪಾದ್ರಿ ಹೊಸ ಪ್ರಮೇಯಗಳಿಂದ ಹೆಸರಾದವರಲ್ಲ, ಆದರೆ ನರಸಿಂಹನ್, ಶೇಷಾದ್ರಿ, ರಾಮಾನುಜಂ ಮೂವರೂ ಅವರ ಪಾಠದ ಕೋಣೆಯಿಂದ ಬಂದರು. ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳ ಗಣಿತ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ತರಗತಿಯಲ್ಲಿ ಪರೀಕ್ಷೆಗೆ ಬಾರದ ಪ್ರಶ್ನೆ ಕೇಳುವ ಮಗುವೊಂದು ಇದ್ದರೆ ಅದನ್ನು ಕೈಬಿಡಬೇಡಿ. 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಎಂಬ ಬೇಸಿಗೆ ಗಣಿತ ಶಿಬಿರಕ್ಕೆ ಅರ್ಜಿ ಹಾಕಿಸಿ. 1983ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಎಂಎಸ್ಸಿಗೂ ಪಿಎಚ್‌ಡಿಗೂ ಪರೀಕ್ಷೆ ನಡೆಸಿ ವಿದ್ಯಾರ್ಥಿವೇತನ ಕೊಡುತ್ತದೆ. ಆ ಮಂಡಳಿಯ ಮೊದಲ ಅಧ್ಯಕ್ಷರು ನರಸಿಂಹನ್ ಅವರೇ. ಟಾಟಾ ಸಂಸ್ಥೆಯ ಆ ಹಳೆಯ ಉಪನ್ಯಾಸ ಟಿಪ್ಪಣಿಗಳು, 1955ರಲ್ಲಿ ನರಸಿಂಹನ್ ಬರೆದದ್ದೂ ಸೇರಿ, ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಓದಬಹುದು.